ಅಪ್ಪನಿಗೆ ತೋರಿಸಿದ ಎರಡು ಕೊಳವೆಗಳು

ದೊಡ್ಡಆಲಹಳ್ಳಿಯ ಹತ್ತಿರದ ಕಲ್ಲುಕ್ವಾರಿಯಲ್ಲಿ ಡ್ರಿಲ್ ಹಿಡಿದು ಅಪ್ಪ ನನ್ನನ್ನು ಓದಿಸಿದ. ಸಂಜೆ ಬರುವಾಗ ಅವನ ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿರುತ್ತಿದ್ದವು. ಓಡಿಹೋಗಿ ತಬ್ಬಿಕೊಳ್ಳಲು ಹೋದರೆ, "ಒಸಿ ತಡಿಯವ್ವ, ಮೈಯೆಲ್ಲ ದೂಳೈತೆ" ಎನ್ನುತ್ತಿದ್ದ. ಆ ದೂಳು ಎದೆಯೊಳಗೂ ಕೂತಿದೆ, ಇನ್ನು ಕ್ವಾರಿಗೆ ಹೋಗಬಾರದು ಎಂದು ಡಾಕ್ಟರು ಹೇಳಿದ ಮೇಲೆ ಕೆಲಸ ಬಿಟ್ಟು ಕುರಿ ಸಾಕಿಕೊಂಡ.

ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತೇನೆ. ಔಷಧಿಯನ್ನು ದೇಹದೊಳಗೆ ಹೊತ್ತೊಯ್ಯಬಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕ ಕಣಗಳನ್ನು ತಯಾರಿಸುವುದು ನನ್ನ ಕೆಲಸ. ಅಪ್ಪನಿಗೆ ಗೊತ್ತಿದ್ದದ್ದು ನನ್ನದು "ಔಷ್ದಿ ಕೆಲ್ಸ" ಎಂದಷ್ಟೇ. ಹೋದ ವರ್ಷ ಎದೆಯ ಸ್ಕ್ಯಾನ್ ಮಾಡಿಸಲು ಬಂದವನು, ಆಸ್ಪತ್ರೆಯಿಂದ ಹೊರಟಾಗ, "ನೀನು ಕೂತ್ಕೊಳೋ ಜಾಗ ತೋರ್ಸವ್ವ" ಎಂದ. ಕರೆದುಕೊಂಡು ಹೋದೆ.

ಅಂದು ಬೆಳಿಗ್ಗೆ ನಾನು ಕುರಿಯ ರಕ್ತಕಣಗಳಿಗೆ ಸಿಲಿಕ ಪುಡಿ ಬೆರೆಸಿ ಪರೀಕ್ಷೆ ಮಾಡಿದ್ದೆ. ಎರಡು ಕೊಳವೆ ಎತ್ತಿ ತೋರಿಸಿದೆ. ಒಂದರಲ್ಲಿ ನೀರೆಲ್ಲ ಕೆಂಪಾಗಿತ್ತು. ಇನ್ನೊಂದರಲ್ಲಿ ರಕ್ತಕಣಗಳು ತಳದಲ್ಲಿ ಕೂತು, ಮೇಲೆ ನೀರು ತಿಳಿಯಾಗಿತ್ತು.

"ಇದರಲ್ಲಿ ರಕ್ತಕಣಗಳು ಒಡೆದುಹೋಗಿವೆ ಅಪ್ಪ. ಇದರಲ್ಲಿ ಏನೂ ಆಗಿಲ್ಲ."

"ಬ್ಯಾರೆ ಬ್ಯಾರೆ ಪುಡಿ ಹಾಕಿದ್ಯಾ?"

"ಇಲ್ಲ, ಪುಡಿ ಒಂದೇ. ಮೇಲ್ಮೈ ಮಾತ್ರ ಬೇರೆ." ಬರಿಯ ಸಿಲಿಕದ ಮೈ ರಕ್ತಕಣದ ಪೊರೆಯನ್ನು ಹಿಡಿದು ಹರಿಯುತ್ತದೆ, ಅದೇ ಕಣಕ್ಕೆ ಪಾಲಿಮರ್ ಎಳೆಗಳ ಮೆತ್ತನೆ ಹೊದಿಕೆ ಹಾಕಿದರೆ ಹಿಡಿತ ಸಿಗುವುದಿಲ್ಲ ಎಂದು ವಿವರಿಸಿದೆ. ಸಿಲಿಕ ಅಂದರೇನು ಎಂದು ಕೇಳಿದ. ನಿನ್ನ ಕ್ವಾರಿಯ ಕಲ್ಲಿನೊಳಗೂ ಇದೆ, ಆದರೆ ಅದರ ರಚನೆ ಬೇರೆ, ಶ್ವಾಸಕೋಶಕ್ಕೆ ಅದು ಇನ್ನೂ ಕೆಟ್ಟದ್ದು ಎಂದೆ.

ಅಪ್ಪ ಕೆಂಪು ಕೊಳವೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ, "ನನ್ನ ಎದೆವೊಳಗಿರೋ ದೂಳ್ಗೂ ಇಂಗೇ ಹೊದಿಕೆ ಹಾಕಕ್ಕಾಯ್ತದಾ?" ಎಂದ.

ಆಗುವುದಿಲ್ಲ ಎಂದು ತಲೆಯಾಡಿಸಿದೆ. ಕಣ್ಣು ತುಂಬಿದ್ದನ್ನು ಅವನೇ ನೋಡಿ ನನ್ನ ಬೆನ್ನು ಸವರಿದ. "ಓಗ್ಲಿ ಬುಡು. ನಿನ್ನ ಚಿಕ್ಕಪ್ಪನ ಎದೆ ಇನ್ನೂ ಚೆಂದಾಗೈತೆ. ಅವನಿಗೆ ಇದನ್ನ ತೋರ್ಸು."

ಚಿಕ್ಕಪ್ಪ ಊರಿನ ಹತ್ತಿರವೇ ಶೆಡ್ಡಿನಲ್ಲಿ ಮಿಷನ್ನಿನಿಂದ ಕಲ್ಲು ಕೊಯ್ಯುತ್ತಾನೆ. ಮುಂದಿನ ಭಾನುವಾರ ಅಪ್ಪನೊಂದಿಗೆ ಹೋಗಿ, ಕೊಳವೆಗಳ ಫೋಟೊವನ್ನು ಫೋನಿನಲ್ಲಿ ತೋರಿಸಿದೆ. ಆಗತಾನೆ ಕೊಯ್ದ ಕಲ್ಲಿನ ದೂಳಿನ ಹೊಸ ಮೈ ಹಳೆಯ ದೂಳಿಗಿಂತ ಹೆಚ್ಚು ಹಾನಿ ಮಾಡುತ್ತದೆ, ಅದನ್ನೇ ನೀನು ಉಸಿರಿಗೆ ಎಳೆದುಕೊಳ್ಳುತ್ತಿದ್ದೀಯ, ನೀರು ಬಿಟ್ಟು ಕೊಯ್ದರೆ ದೂಳು ಮೇಲೇಳುವುದು ಕಡಿಮೆಯಾಗುತ್ತದೆ ಎಂದೆ.

"ನೀರು ಬುಟ್ರೆ ಕೆಸರಾಯ್ತದೆ ಕಣವ್ವ. ಕುಯ್ಯೋ ಗೆರೆ ಕಾಣಾಕಿಲ್ಲ, ಕೆಲ್ಸ ನಿಧಾನ," ಎಂದು ಚಿಕ್ಕಪ್ಪ ನಕ್ಕ.

ಅಪ್ಪ ನಗಲಿಲ್ಲ. ತಮ್ಮನ ಕೈ ಎಳೆದು ತನ್ನ ಎದೆಯ ಮೇಲೆ ಒತ್ತಿಕೊಂಡ. "ಕೈ ಇಲ್ಲೇ ಮಡಗಿ ನೋಡ್ಲಾ. ಉಸ್ರು ಎಳ್ಕೊತೀನಿ." ಎಳೆದುಕೊಂಡ. ಅರ್ಧದಲ್ಲೇ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಚಿಕ್ಕಪ್ಪ ಕೈ ತೆಗೆಯಲಿಲ್ಲ. ಅಣ್ಣನಿಗೆ ನೀರು ಕುಡಿಸಿ, ಒಳಗೆ ಹೋಗಿ ಮಿಷನ್ ಆಫ್ ಮಾಡಿದ.

ಕಳೆದ ತಿಂಗಳು ಊರಿಗೆ ಹೋದಾಗ ಶೆಡ್ಡಿನ ಕಡೆ ನಡೆದೆ. ಬ್ಲೇಡಿನ ಪಕ್ಕ ಪೈಪು ಕಟ್ಟಿತ್ತು. ಚಿಕ್ಕಪ್ಪ ಮಾಸ್ಕ್ ಹಾಕಿಕೊಂಡು, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿದ್ದ. "ನಿಮ್ಮಪ್ಪ ದಿನಾ ಬಂದು ನೀರು ಬರ್ತಾ ಐತಾ ಅಂತ ನೋಡ್ತಾನೆ. ಪೊಲೀಸ್ನೋನಿಗಿಂತ ಕಷ್ಟ," ಎಂದು ದೂರಿದ. ಅಪ್ಪ ದೂರದ ಹೊಂಗೆಮರದ ಕೆಳಗೆ ಕೂತಿದ್ದ. ನನ್ನನ್ನು ಕಂಡು ಎದ್ದ.

ಇಬ್ಬರೂ ದಿಬ್ಬ ಹತ್ತಿ ಮನೆಗೆ ಹೊರಟೆವು. ಅವನು ನನ್ನ ತೋಳು ಹಿಡಿದಿದ್ದ. ಉಸಿರಿಗೆ ನಿಂತಾಗೆಲ್ಲ ನಾನೂ ನಿಲ್ಲುತ್ತಿದ್ದೆ. ಅಂದು ಬೆಳಿಗ್ಗೆ ಈದ ಕುರಿಯ ಮರಿ ಹುಟ್ಟಿದೊಡನೆ ಎದ್ದು ನಿಂತ ಕತೆಯನ್ನು ಅವನು ಬಿಡಿಬಿಡಿಯಾಗಿ, ನಿಂತ ಕಡೆಯಲ್ಲೆಲ್ಲ ಒಂದಿಷ್ಟು ಹೇಳಿದ.