ರೇಡಿಯೊ ಹಿಂದಿನ ಕೆಸರು

ಕೆಲೆರಾಳ ಮೂಗು ಬಹಳ ಸೂಕ್ಷ್ಮ. ನಮ್ಮ ದ್ವೀಪದ ಬಾ ಎಂಬ ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳೂ ನಾನೂ ಮೈಯಲ್ಲಿ ಕಸುವಿರುವವರೆಗೆ ಒಟ್ಟಿಗೆ ದುಡಿದವರು. ವಾರ್ಡುಗಳಿಂದ ಬಂದ ಚೀಲದ ಬಾಯಿ ಬಿಚ್ಚುವ ಮೊದಲೇ ಒಳಗಿರುವುದು ರಕ್ತವೋ ಕೀವೋ ವಾಂತಿಯೋ ಎಂದು ಅವಳು ಹೇಳಿಬಿಡುತ್ತಿದ್ದಳು. ಆದರೆ ಯಾವ ಚೀಲಕ್ಕೂ ಅವಳು ಮುಖ ಸಿಂಡರಿಸಿದ್ದನ್ನು ನಾನು ನೋಡಿಲ್ಲ. ಕಾಯಿಲೆಯವರು ಬೇಕೆಂದು ಮಾಡಿಕೊಂಡದ್ದಲ್ಲವಲ್ಲ ಎನ್ನುತ್ತಿದ್ದಳು. ತೋಳು ಮೇಲೇರಿಸಿ, ಸೋಡಾ ಪುಡಿ ಸುರಿದು, ಬಿಸಿನೀರು ಬಿಟ್ಟು ನಿಲ್ಲುತ್ತಿದ್ದಳು.

ಅವಳ ಗಂಡ ವಿಲಿಯಾಮೆ ಸಕ್ಕರೆ ಕಾರ್ಖಾನೆಯಲ್ಲಿದ್ದ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಮಕ್ಕಳಿಲ್ಲ. ನಿವೃತ್ತಿಯಾದ ಮೇಲೆ ಕೆಲೆರಾ ನದಿಯಾಚೆಯ ತನ್ನ ಮನೆಯ ಹಿಂದೆ ಮರಗೆಣಸು ಬೆಳೆದು, ಚಾಪೆ ಹೆಣೆದು, ಶನಿವಾರದ ಮಾರುಕಟ್ಟೆಗೆ ತಂದು ಮಾರುತ್ತಿದ್ದಳು. ಮಂಡಿ ಕೈಕೊಟ್ಟಾಗ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಒಂದು ಕಾರು ತೆಗೆದುಕೊಳ್ಳುತ್ತೇನೆ ಎಂದಳು. ಸೇವೆಯಲ್ಲಿ ಕೂಡಿಟ್ಟದ್ದೆಲ್ಲ ಅದಕ್ಕೇ ಹೋಯಿತು.

ಕಾರು ಕೊಟ್ಟವನು ಅವಳ ಮೈದುನ ಸೈರೂಸಿ. ಹೆದ್ದಾರಿ ಪಕ್ಕದಲ್ಲಿ ತಂತಿಬೇಲಿ ಹಾಕಿಕೊಂಡು, ಜಪಾನಿನಲ್ಲಿ ಓಡಿ ಹಳೆಯದಾದ ಕಾರುಗಳನ್ನು ತರಿಸಿ ಮಾರುತ್ತಿದ್ದ. ಚರ್ಚಿನಲ್ಲಿ ಹಿರಿಯರ ಸಾಲಿನಲ್ಲಿ ಕೂರುವವನು. ಇಸ್ತ್ರಿಯ ಬಿಳಿ ಶರ್ಟು, ಸೊಂಟಕ್ಕೆ ಸುತ್ತಿ ಮೊಣಕಾಲ ಕೆಳಗಿನವರೆಗೆ ಬಿಟ್ಟ ಕಪ್ಪು ಸುಲು, ತಲೆಗೆ ಎಣ್ಣೆ. ಅತ್ತಿಗೆಗೆಂದೇ ಒಂದು ಬಿಳಿ ಕಾರನ್ನು ಎತ್ತಿಟ್ಟಿದ್ದೇನೆ, ಲೌಟೋಕಾ ಬಂದರಿನಲ್ಲಿ ಹಡಗಿನಿಂದ ಇಳಿದದ್ದು ನೇರ ಇಲ್ಲಿಗೇ ಬಂದಿದೆ ಎಂದ. ಒಳಗೆ ಕನ್ನಡಿಗೆ, ಸೀಟಿನ ಬೆನ್ನಿಗೆ, ಗೇರಿನ ಪಕ್ಕಕ್ಕೆ ತೆಂಗಿನಕಾಯಿ ಪರಿಮಳದ ಕಾಗದದ ಬಿಲ್ಲೆಗಳು ತೂಗುತ್ತಿದ್ದವು. ಆ ಸಿಹಿ ನಾತಕ್ಕೆ ನನಗೇ ತಲೆ ತಿರುಗಿತು. ಕೆಲೆರಾ ಬಾಗಿಲು ತೆಗೆದು ಒಳಗೆ ತಲೆ ಹಾಕಿದಳು. ಏನೋ ಕಮಟು ವಾಸನೆ ಇದೆಯಲ್ಲ ಎಂದಳು.

"ಅದು ಗಾಡಿ ವಾಸನೆ ಅಲ್ಲ ಅತ್ತಿಗೆ, ನಿನ್ನ ಆಸ್ಪತ್ರೆ ಮೂಗು" ಎಂದು ಸೈರೂಸಿ ನಕ್ಕ. "ಅಷ್ಟು ವರ್ಷ ಆ ಗಲೀಜಿನಲ್ಲಿ ಇದ್ದೆಯಲ್ಲ. ಮಲ್ಲಿಗೆ ಹೂ ಕೊಟ್ಟರೂ ನಿನಗೆ ಹಾಗೇ ನಾರತ್ತೆ."

ಅವಳಿಗೂ ಹಾಗೇ ಇರಬಹುದು ಅನ್ನಿಸಿತಂತೆ. ಗಂಡನ ತಮ್ಮ. ಯಾಕೆ ಸುಳ್ಳು ಹೇಳುತ್ತಾನೆ?

ಕಾರು ಓಡಿತು. ತಕರಾರಿದ್ದದ್ದು ರೇಡಿಯೊದ್ದು. ಕೀಲಿ ತಿರುಗಿಸಿದೊಡನೆ ಒಳಗಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಕೆಲೆರಾ ಮೊದಮೊದಲು ಅವಳಿಗೆ ನಮಸ್ಕಾರ ಹೇಳುತ್ತಿದ್ದಳು, ಆಮೇಲೆ ಬಾಯಿ ಮುಚ್ಚು ಎನ್ನತೊಡಗಿದಳು. ಆ ರೇಡಿಯೊ ಜಪಾನಿನ ಅಲೆಗಳಿಗೆ ಮಾಡಿದ್ದು. ನಮ್ಮ ಬಹುಪಾಲು ಸ್ಟೇಷನ್ನುಗಳವರೆಗೆ ಅದರ ಮುಳ್ಳು ಏರುವುದೇ ಇಲ್ಲ. ಬೆಳಗಿನ ಪ್ರಾರ್ಥನೆ ಇಲ್ಲ, ಹವಾಮಾನ ಇಲ್ಲ, ಫುಟ್‌ಬಾಲ್ ಇಲ್ಲ, ಬರೀ ಗೊರಗೊರ. ಜಪಾನಿನ ಕಾರು ತಂದವರೆಲ್ಲ ಒಂದು ದಿನ ಗೌಂಡನ್ ಹತ್ತಿರ ಹೋಗಲೇಬೇಕು. ನಾವೂ ಹೋದೆವು.

ಗೌಂಡನ್ನನ ಕೆಲಸದ ಜಾಗ ಮಾರುಕಟ್ಟೆಯ ಹಿಂದೆ, ಮಾವಿನ ಮರದ ಕೆಳಗಿನ ತಗಡಿನ ಚಪ್ಪರ. ಕಾರಿನ ರೇಡಿಯೊ, ಸ್ಪೀಕರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹೆಚ್ಚು ಮಾತಿನವನಲ್ಲ. ಸಣ್ಣದೊಂದು ಸಾಕು, ನಮ್ಮ ಸ್ಟೇಷನ್ ಸಿಕ್ಕರಾಯಿತು ಎಂದು ಕೆಲೆರಾ ಹೇಳಿದಳು. ಅವನು ತಲೆಯಾಡಿಸಿ, ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಗೆ ತೂರಿಸಿ ಮುಂದಿನ ಹಲಗೆಯನ್ನು ಎಬ್ಬಿಸಿದ. ಸ್ಕ್ರೂ ಬಿಚ್ಚಿ ರೇಡಿಯೊವನ್ನು ಎರಡು ಕೈಯಲ್ಲಿ ಹಿಡಿದು ಎಳೆದ. ಅದು ಬರಲಿಲ್ಲ. ಇನ್ನಷ್ಟು ಜಗ್ಗಿದಾಗ ಪಚಕ್ ಎಂದು ಕಿತ್ತು ಬಂತು.

ಅದರ ಜೊತೆ ವಾಸನೆಯೂ ಬಂತು. ಒದ್ದೆ ಬಟ್ಟೆ ಕಟ್ಟಿಟ್ಟು ಮರೆತರೆ, ಅದರೊಳಗೆ ಇಲಿ ಸತ್ತರೆ, ಹೇಗಿರುತ್ತದೋ ಹಾಗೆ. ನಾನು ಸೆರಗು ಮೂಗಿಗೆ ಹಿಡಿದೆ. ರೇಡಿಯೊ ಇದ್ದ ಗೂಡಿನ ತಳದಲ್ಲಿ ಕಂದು ರಾಡಿ ಗಟ್ಟಿಯಾಗಿ ಕೂತಿತ್ತು. ಮೇಲೆ ಕೆನೆಗಟ್ಟಿದಂತೆ ಒಣಗಿ, ಒಳಗೆ ಇನ್ನೂ ಲೋಳೆ. ಅದರಲ್ಲಿ ಜಿರಳೆ ಮೊಟ್ಟೆಗಳು. ಒಂದು ಪುಟ್ಟ ಏಡಿ, ಕಾಲು ಮಡಚಿಕೊಂಡು ಸತ್ತದ್ದು. ವೈರುಗಳಿಗೆಲ್ಲ ಹಸಿರು ಕಿಲುಬು. ಆ ಕೆಸರು ನಮಗೆಲ್ಲ ಪರಿಚಯದ್ದೇ. ಹಿಂದಿನ ವರ್ಷ ನದಿ ಉಕ್ಕಿ ಇಳಿದ ಮೇಲೆ ಕಪಾಟುಗಳಿಂದ, ಹಾಸಿಗೆಗಳಿಂದ, ಮಕ್ಕಳ ಶಾಲೆಯ ಚೀಲಗಳಿಂದ ನಾವೇ ತೋಡಿ ತೆಗೆದದ್ದು.

ಗೌಂಡನ್ ಬೆರಳು ಹಾಕಿ ಕೆಸರಿನಿಂದ ಒಂದು ಉದ್ದನೆಯ ಎಲೆಯನ್ನು ಎಳೆದು ಬಾನೆಟ್ಟಿನ ಮೇಲಿಟ್ಟ.

"ಇದು ಕಬ್ಬಿನ ಸೋಗೆ ಅಕ್ಕಾ" ಎಂದ. "ಈ ಗಾಡಿ ಮುಳುಗಿದ್ದು ಇಲ್ಲೇ. ನಮ್ಮ ನದಿಯಲ್ಲೇ."

ಕೆಲೆರಾ ಸೋಗೆಯನ್ನು ನೋಡಿದಳು. ಮೊದಲ ಸಲ ಅವಳು ಮುಖ ಸಿಂಡರಿಸಿದ್ದನ್ನು ನಾನು ಅಂದು ಕಂಡೆ. ಸತ್ತ ಏಡಿಗಲ್ಲ, ಜಿರಳೆಗಲ್ಲ. ಸೈರೂಸಿ ಅವಳ ಮೂಗಿನ ಬಗ್ಗೆ ನಕ್ಕಿದ್ದನಲ್ಲ, ಅದಕ್ಕೆ.

ಅಲ್ಲಿಂದ ನೇರ ಸೈರೂಸಿಯ ಬೇಲಿಯೊಳಗೆ ಹೋದೆವು. ಅವನು ನೆರಳಿನಲ್ಲಿ ಕೂತು ತೆಂಗಿನ ಹಾಲಲ್ಲಿ ಬೇಯಿಸಿದ ಮೀನು ತಿನ್ನುತ್ತಿದ್ದ. ಅವಳು ಸೋಗೆಯನ್ನು ಅವನ ತಟ್ಟೆಯ ಪಕ್ಕ ಇಟ್ಟಳು. ಅವನಿಗೆ ನಾಚಿಕೆಯಾಗುತ್ತದೆ, ಸುಳ್ಳಾದರೂ ಹೇಳುತ್ತಾನೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಮೀನಿನ ಮುಳ್ಳನ್ನು ಚೀಪಿ ಪಕ್ಕಕ್ಕಿಟ್ಟು, ಆ ಜಿಡ್ಡು ಬೆರಳಿನಲ್ಲೇ ಅವಳ ತೋಳು ಸವರಿದ. ಗಾಡಿ ತೊಳೆಸಿದ್ದೇನೆ, ಬಿಸಿಲಿಗೆ ಇಟ್ಟಿದ್ದೇನೆ, ಎಂಜಿನ್ ಚೆನ್ನಾಗಿದೆ, ಇನ್ನೇನು ಬೇಕು ಎಂದ. ಹಣ ವಾಪಸು ಎಂದರೆ ಅದು ಎಲ್ಲಿದೆ, ಚರ್ಚಿನ ಚಾವಣಿಗೂ ಕೊಟ್ಟಿದ್ದೇನೆ, ದೇವರ ಕೈಯಿಂದ ಕಿತ್ತುಕೊಂಡು ಬರಲೇ ಎಂದು ಕೇಳಿದ. ಆಮೇಲೆ ದನಿ ತಗ್ಗಿಸಿದ.

"ಒಂದು ಕೆಲಸ ಮಾಡೋಣ ಅತ್ತಿಗೆ. ದೊಡ್ಡ ಸ್ಕ್ರೀನಿನ ಸ್ಟೀರಿಯೊ ಹಾಕಿಸ್ತೀನಿ, ಹಿಂದೆ ದೊಡ್ಡ ಸ್ಪೀಕರು. ಹಾಡು ಜೋರಾಗಿದ್ರೆ ಜನ ಮೂಗು ಮರೀತಾರೆ. ಯಾರಿಗಾದರೂ ದಾಟಿಸ್ತೀನಿ. ನಿನ್ನ ದುಡ್ಡು ನಿನಗೆ."

ಕೆಲೆರಾ ಬೇಡ ಎನ್ನಲಿಲ್ಲ. ಜೀವಮಾನದ ದುಡಿಮೆ ಆ ಕೆಸರಲ್ಲಿ ಕೂತಿತ್ತು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತೋಳನ್ನು ಅಂಗಿಯ ಅಂಚಿಗೆ ಒರೆಸುತ್ತಲೇ ಇದ್ದಳು.

ಸ್ಟೀರಿಯೊ ಹಾಕುವಾಗ ಗೌಂಡನ್ ಕೈಗೆ ಎಟಕುವಷ್ಟು ಕೆಸರನ್ನು ಚಮಚದಲ್ಲಿ ತೋಡಿ ಹಾಕಿದ. ತೋಡಲಾಗದ್ದು ಒಳಗೇ ಉಳಿಯಿತು. ಅದರ ಮುಂದೆ ಹೊಳೆಯುವ ಗಾಜಿನ ಸ್ಕ್ರೀನು ಬಂತು. ಡಿಕ್ಕಿಯಲ್ಲಿ ಅನ್ನದ ಕೊಳಗದಷ್ಟು ದೊಡ್ಡ ಸ್ಪೀಕರು, ಬಾಗಿಲುಗಳಿಗೆ ನೀಲಿ ದೀಪ. ಕೈ ತೊಳೆಯುತ್ತ, ಹೆಣಕ್ಕೆ ಪೌಡರ್ ಹಚ್ಚಿದ ಹಾಗಾಯಿತು ಎಂದ, ಅಷ್ಟೆ. ನನಗೂ ಹಾಗೇ ಕಂಡಿತು. ಕೆಲೆರಾ ಕೇಳಿಸದವಳಂತೆ ಮಾವಿನ ಮರದ ಕಡೆ ನೋಡುತ್ತಿದ್ದಳು.

ಆ ಶನಿವಾರವೇ ತವುವಾ ಪಟ್ಟಣದಿಂದ ಗಿರಾಕಿಗಳು ಬಂದರು. ಅವಿನೇಶ್ ಎಂಬ ಮೇಷ್ಟ್ರು, ಅವನ ಹೆಂಡತಿ ಶೈನಲ್. ಅವಳಿಗೆ ತುಂಬಿದ ಬಸಿರು. ಹೆರಿಗೆಗೆ ಮೊದಲು ಒಂದು ಗಾಡಿ ಬೇಕು ಎಂದು ಹುಡುಕುತ್ತಿದ್ದರಂತೆ. ಕಾರು ಅತ್ತಿಗೆಯದು, ಆಸ್ಪತ್ರೆಯಲ್ಲಿದ್ದವಳು, ಎಷ್ಟು ಚೊಕ್ಕ ಎಂದು ನಿಮಗೇ ಗೊತ್ತಾಗುತ್ತದೆ ಎಂದು ಸೈರೂಸಿ ಕೆಲೆರಾಳನ್ನೇ ಮುಂದೆ ತಂದು ನಿಲ್ಲಿಸಿದ. ಇಷ್ಟು ವರ್ಷ ಅವಳು ಕೊಳೆ ತೊಳೆದ ಹೆಸರನ್ನು ತನ್ನ ಕೊಳೆ ಮುಚ್ಚಲು ಇಟ್ಟುಕೊಂಡ. ನನಗೆ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಮೇಷ್ಟ್ರು ಸ್ಕ್ರೀನನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಅವನಿಗೆ ಅದೊಂದೇ ಕಾಣುತ್ತಿತ್ತು. ಶೈನಲ್ ಪಕ್ಕದ ಸೀಟಿನಲ್ಲಿ ಕೂತವಳು ಬಾಯಿಗೆ ಕೈ ಅಡ್ಡ ಹಿಡಿದಳು. ಏನೋ ವಾಸನೆ ಬರುತ್ತಿದೆ ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು.

"ನಿನಗೆ ಈಗ ಎಲ್ಲದರಲ್ಲೂ ವಾಸನೆ" ಎಂದ ಅವನು. "ನಿನ್ನೆ ಅಮ್ಮನ ದಾಲ್ ಕೂಡ ನಾರುತ್ತೆ ಅಂದೆ."

"ಬಸುರಿ ಮೂಗು ತಂಗಿ, ಹಾಗೇ ಇರತ್ತೆ" ಎಂದು ಸೈರೂಸಿಯೂ ನಕ್ಕ. ನಗುತ್ತಲೇ ಕಿಟಕಿಯಿಂದ ಕೈ ಹಾಕಿ ಹಾಡಿನ ಸದ್ದು ಏರಿಸಿದ. ಡಿಕ್ಕಿಯ ಸ್ಪೀಕರು ಗುಮ್ಮೆಂದಿತು. ಬಾಗಿಲುಗಳು ನಡುಗಿದವು. ಗಾಳಿ ಬರುವ ಕಿಂಡಿಗಳಿಂದ ಕಂದು ಪುಡಿ ಭುಸ್ಸೆಂದು ಹಾರಿ ಆ ಹುಡುಗಿಯ ಹೊಟ್ಟೆಯ ಮೇಲೆ, ಹಳದಿ ಬಟ್ಟೆಯ ಮೇಲೆ ಬಿತ್ತು. ಇನ್ನೊಂದು ಗುಮ್ಮು, ಇನ್ನೊಂದು ಹಿಡಿ ಪುಡಿ. ಅವಳು ಕೆಮ್ಮಿದಳು. ರಸ್ತೆಯ ಧೂಳು, ಏನೂ ಆಗುವುದಿಲ್ಲ ಎಂದು ಸೈರೂಸಿ ಕರವಸ್ತ್ರ ಚಾಚಿದ.

ಕೆಲೆರಾ ಅವನನ್ನು ಪಕ್ಕಕ್ಕೆ ತಳ್ಳಿ ಒಳಗೆ ಬಗ್ಗಿ ಹಾಡು ನಿಲ್ಲಿಸಿದಳು. ಹುಡುಗಿಯ ಕೈ ಹಿಡಿದು ಇಳಿಸಿದಳು.

"ನಿನ್ನ ಮೂಗು ಸರಿಯಾಗಿದೆ ಮಗಳೇ" ಎಂದಳು. "ಇದು ನದಿಯಲ್ಲಿ ಮುಳುಗಿದ ಗಾಡಿ. ಒಳಗೆಲ್ಲ ನೆರೆಯ ಕೆಸರು. ಇವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ನಿನ್ನನ್ನು ಕೂರಿಸಿದೆವು."

ಅವರು ಹೋದರು. ಮೇಷ್ಟ್ರು ಸೈರೂಸಿಗೆ ಬೈದ, ಕೆಲೆರಾಗೂ ಬೈದ. ಅವಳು ಬೈಸಿಕೊಂಡಳು. ಮನೆಗೆ ಬಂದು ಹಿತ್ತಲ ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು, ಮತ್ತೆ ಹಚ್ಚಿ ತೊಳೆದಳು. ನನ್ನ ಮೇಲೆ ನನಗೇ ವಾಕರಿಕೆ ಬರುತ್ತಿದೆ ಭಾಗ್ಮತಿ ಎಂದಳು. ನಾನು ಟವೆಲು ಕೊಟ್ಟೆ. ನಾನೂ ಆ ಕಾರಿನ ಹತ್ತಿರ ನೋಡುತ್ತ ನಿಂತಿದ್ದವಳೇ.

ಮುಂದಿನ ವಾರಗಳಲ್ಲಿ ಆ ಕಾರನ್ನು ನಾವು ಅವಳ ಹಿತ್ತಲಲ್ಲಿ ಬಗೆದೆವು. ಗೌಂಡನ್ ಭಾನುವಾರ ಬಂದು ದೊಡ್ಡ ಸ್ಟೀರಿಯೊವನ್ನೂ ಸ್ಪೀಕರನ್ನೂ ಕಿತ್ತು ಸೈರೂಸಿಯ ಬೇಲಿಯೊಳಗೆ ಇಟ್ಟು ಬಂದ. ಸೀಟು, ನೆಲಹಾಸು, ಬಾಗಿಲ ಒಳಹಲಗೆ ಎಲ್ಲ ಬಿಚ್ಚಿಕೊಟ್ಟ. ನೆಲಹಾಸಿನ ಕೆಳಗಿನ ಸ್ಪಂಜು ಹಿಂಡಿದರೆ ಕಪ್ಪು ನೀರು ಸುರಿಯಿತು. ಅದರೊಳಗೆ ಬಿಳಿ ಹುಳಗಳು. ನಾನು ಒಮ್ಮೆ ಬೇಲಿಯ ಹತ್ತಿರ ಹೋಗಿ ಕಕ್ಕಿ ಬಂದೆ. ಕೆಲೆರಾ ಆಸ್ಪತ್ರೆಯ ಬಟ್ಟೆಗೆ ಹಾಕುತ್ತಿದ್ದ ಹಾಗೆಯೇ ಸೋಡಾ, ಬಿಸಿನೀರು, ಬ್ರಷ್ಷು ಹಿಡಿದು ಲೋಹ ಕಾಣುವವರೆಗೆ ಉಜ್ಜಿದಳು. ಸ್ಪಂಜನ್ನು ಸುಟ್ಟಳು. ಸುಟ್ಟದ್ದಕ್ಕೆ ಬದಲಾಗಿ ತನ್ನ ಹಳೆಯ ಚಾಪೆಗಳನ್ನು ಅಳತೆಗೆ ಕತ್ತರಿಸಿ ಹಾಸಿದಳು. ಕೊನೆಗೆ ಗೌಂಡನ್ ಕಿಲುಬು ಹಿಡಿದ ವೈರು ಬದಲಿಸಿ, ತನ್ನ ಹತ್ತಿರ ಬಿದ್ದಿದ್ದ ಹಳೆಯದೊಂದು ಚಿಕ್ಕ ರೇಡಿಯೊ ಹಾಕಿದ. ನಮ್ಮ ಸ್ಟೇಷನ್ನುಗಳೆಲ್ಲ ಸಿಕ್ಕವು. ಕಾರು ಇವತ್ತಿಗೂ ಓಡುತ್ತದೆ. ಮಳೆ ಬಂದ ದಿನ ಮಾತ್ರ ಎಲ್ಲಿಂದಲೋ ಒಂದು ಎಳೆ ವಾಸನೆ ಏಳುತ್ತದೆ.

ಸೈರೂಸಿ, ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ಊರೆಲ್ಲ ಹೇಳಿಕೊಂಡು ಬಂದ. ಅದು ನಡೆಯಲಿಲ್ಲ. ಅವನಿಂದ ಗಾಡಿ ಕೊಂಡವರು ಒಬ್ಬೊಬ್ಬರಾಗಿ ಗೌಂಡನ್ನನ ಚಪ್ಪರಕ್ಕೆ ಬಂದು, ರೇಡಿಯೊ ಬಿಚ್ಚಿ ಹಿಂದೆ ನೋಡು ಎನ್ನತೊಡಗಿದರು. ಕೆಲವದರಲ್ಲಿ ಏನೂ ಇರಲಿಲ್ಲ, ಕೆಲವದರಲ್ಲಿ ಇತ್ತು. ಆಗ ಮನೆತನದ ಹಿರಿಯರು ಸೇರಿ ಸೈರೂಸಿಯನ್ನು ಅವಳ ಮನೆಗೆ ಕರೆತಂದರು. ಅವರ ಪದ್ಧತಿಯಂತೆ, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟು, ತಿಮಿಂಗಿಲದ ಹಲ್ಲು ಮುಂದಿಟ್ಟು, ತಲೆ ತಗ್ಗಿಸಿ ಕ್ಷಮೆ ಕೇಳಿದ. ಅವನ ಶರ್ಟು ಅಂದೂ ಬೆಳ್ಳಗೇ ಇತ್ತು. ಹಿರಿಯರು ತಂದದ್ದನ್ನು ಬೇಡ ಎನ್ನುವಂತಿಲ್ಲ. ಕೆಲೆರಾ ಒಪ್ಪಿದ ಗುರುತಿಗೆ ಚಪ್ಪಾಳೆ ತಟ್ಟಿ, ಹಲ್ಲನ್ನು ಕೈಗೆ ತೆಗೆದುಕೊಂಡು, ತೆಂಗಿನ ಚಿಪ್ಪಿನಲ್ಲಿ ಕೊಟ್ಟ ಆ ಬೇರಿನ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಹಿರಿಯರು ಸಮಾಧಾನದಿಂದ ಎದ್ದು ಹೋದರು.

"ಕ್ಷಮಿಸಿದೀಯಾ?" ಎಂದು ನಾನು ಕೇಳಿದೆ.

"ವಿಲಿಯಾಮೆ ಮನೆಯವರು ಕೇಳಿದರು, ಒಪ್ಪಿಕೊಂಡೆ" ಎಂದಳು. "ಅವನ ಮುಖ ನೋಡಿದರೆ ಈಗಲೂ ಆ ಕೆಸರೇ ನಾರತ್ತೆ. ಅದಕ್ಕೆ ನಾನೇನು ಮಾಡಲಿ?"

ಸೈರೂಸಿ ಬಾ ಪಟ್ಟಣ ಬಿಟ್ಟು ಸಿಂಗಟೋಕಾ ಕಡೆ ಹೋದ. ಅಲ್ಲೂ ಗಾಡಿಗಳನ್ನೇ ಮಾರುತ್ತಾನೆ, ಅಲ್ಲಿಯ ಚರ್ಚಿನಲ್ಲೂ ಮುಂದಿನ ಸಾಲಿನಲ್ಲೇ ಕೂರುತ್ತಾನೆ ಎಂದು ಕೇಳಿದ್ದೇನೆ. ಈ ವರ್ಷ ಅವನ ಮಗಳ ಮದುವೆಗೆ ಕರೆ ಬಂತು. ಕೆಲೆರಾ ಎರಡು ತಿಂಗಳು ಕೂತು ಅಂಚಿಗೆ ಕೆಂಪು ಉಣ್ಣೆಯ ಕುಚ್ಚು ಕಟ್ಟಿದ ದೊಡ್ಡ ಚಾಪೆ ಹೆಣೆದು, ಹೋಗುವವರ ಕೈಯಲ್ಲಿ ಕಳಿಸಿದಳು. ತಾನು ಹೋಗಲಿಲ್ಲ. ಇಷ್ಟೆಲ್ಲ ಆದ ಮೇಲೂ ಅವನ ಮನೆಗೆ ಚಾಪೆ ಯಾಕೆ ಎಂದು ನಾನು ಸಿಡುಕಿದೆ.

"ಹುಡುಗಿ ಏನು ಮಾಡಿದಾಳೆ ಪಾಪ" ಎಂದಳು. "ಚಾಪೆ ಅವಳಿಗೆ."