ಸೋಮವಾರದ ನಳ್ಳಿಗಳು

ಅಡುಗೆಮನೆಗೆ ಟೈಲ್ಸ್ ಹಾಕಿಸಲೆಂದು ಹೋದ ವಾರ ಸಾಮಾನು ತೆಗೆಸುತ್ತಿದ್ದಾಗ ಮೂಲೆಯಲ್ಲಿ ಒರಳಿನ ಗುಂಡುಕಲ್ಲು ಸಿಕ್ಕಿತು. ಮಿಕ್ಸಿ ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ. ಹಳೇ ಸೀರೆಯ ಸಿಂಬೆ ಮೇಲೆ ಕೂತಿತ್ತು. ಮೂಗಿಗೆ ಹತ್ತಿರ ಹಿಡಿದೆ. ಬೆಳ್ಳುಳ್ಳಿ, ಮೆಣಸು... ಇಷ್ಟು ವರ್ಷದ ಮೇಲೆ ವಾಸನೆ ಎಲ್ಲಿಯದು, ನನಗೇ ಹಾಗನ್ನಿಸಿರಬೇಕು.

ನಾನು ದೇವಲಾಪುರದ ಕಡೆಯವಳು. ರಾಗಿ ಹೊಲ ನೋಡಿ ಬೆಳೆದವಳು. ತೊಂಬತ್ತರ ದಶಕದಲ್ಲಿ ತೊಣ್ಣೂರಿಗೆ ಸೊಸೆಯಾಗಿ ಬರುವ ತನಕ ಗದ್ದೆಯ ಏಡಿಯನ್ನು, ಅಂದರೆ ನಳ್ಳಿಯನ್ನು, ಹತ್ತಿರದಿಂದ ಕಂಡಿರಲಿಲ್ಲ. ಅತ್ತೆಗೋ ನಳ್ಳಿ ಹಿಡಿಯುವುದೆಂದರೆ ಹಬ್ಬ. ಕೈ ಬಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಆ ನಾಲಿಗೆಯೇ ಬೀಗರೂಟದ ದಿನ ಎಡವಟ್ಟು ಮಾಡಿತ್ತು. ನಮ್ಮ ಕಡೆಯವರು ಬಡಿಸಿದ ಸಾರು ಕಲಕಿ ನೋಡಿ, "ಇದ್ರಲ್ಲಿ ಕುರಿ ಕಾಲ್ ತೊಳ್ಕಂಡೋಗ್ಯದೆ ಅಷ್ಟೇಯ" ಎಂದು ಪಂಕ್ತಿಗೆಲ್ಲ ಕೇಳುವಂತೆ ಅಂದುಬಿಟ್ಟರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಆಮೇಲೆ ಐದು ತಿಂಗಳು ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ. ತವರಿನ ಕಡೆ ಹೋಗುವ ನಾಗಮಂಗಲದ ಬಸ್ಸು ಕಂಡರೆ ಸಾಕು, ನನಗೆ ಅಳು ಬರುತ್ತಿತ್ತು.

ಮಾಗಿಯಲ್ಲಿ, ಒಕ್ಕಣೆ ನಡೆಯುತ್ತಿದ್ದಾಗ, ಅಪ್ಪ ಅವತ್ತೇ ಬರುತ್ತಾರೆಂಬ ಸುದ್ದಿ ಬಂತು. ತಪ್ಪಾಯ್ತು ಅನ್ನುವ ಮಾತು ಅತ್ತೆಯ ಬಾಯಲ್ಲಿ ಹುಟ್ಟಿದ್ದೇ ಇಲ್ಲ. "ನಳ್ಳಿ ಸಾರ್ ಮಾಡಿಕ್ತೀನಿ ಬುಡು. ಉಂಡ್ಮೇಕೆ ಎಲ್ಲಾ ಮರ್ತೋಯ್ತಾರೆ" ಎಂದು ಸೀರೆ ಎತ್ತಿ ಕಟ್ಟಿಕೊಂಡು ನನ್ನನ್ನೂ ಎಳೆದುಕೊಂಡು ಹೊರಟರು.

ಕೆರೆ ಕೆಳಗಿನ ಕಾಲುವೆ ನೀರು ಮೂಳೆಗೆ ಹತ್ತುವಷ್ಟು ತಣ್ಣಗಿತ್ತು. ಅತ್ತೆ ಬದುವಿನ ಬಿಲಕ್ಕೆ ಮೊಣಕೈವರೆಗೂ ಕೈ ತೂರಿಸಿ, ನಳ್ಳಿಯ ಬೆನ್ನು ಒತ್ತಿ ಹಿಡಿದು, ಒಂದೊಂದಕ್ಕೂ ಒಂದೊಂದು ಬೈಗುಳ ಕೊಟ್ಟು ಮಂಕರಿಗೆ ಹಾಕುತ್ತಿದ್ದರು. ನಾನು ದಡದಲ್ಲೇ ನಡುಗುತ್ತಾ ನಿಂತಿದ್ದೆ.

"ಕೈ ಬುಡಮ್ಮಿ ಒಳೀಕೆ! ನಿನ್ನೇನ್ ತಿಂದಾಕ್ಬುಡ್ತದಾ?"

ಬಿಟ್ಟೆ. ಕಚ್ಚಿತು. ನಾನು ಕಿರುಚಿಕೊಂಡು ಕೈ ಕೊಡವಿದ ರಭಸಕ್ಕೆ ನಳ್ಳಿ ಹಾರಿಹೋಗಿ ಅತ್ತೆಯ ತುರುಬಿನಲ್ಲಿ ಕೂತಿತು! ಅತ್ತೆ ಅಲ್ಲಾಡದೆ, "ಸದ್ಯ, ಒಂದ್ನಾದ್ರೂ ಇಡುದ್ಯಲ್ಲ" ಎಂದರು. ಮಧ್ಯಾಹ್ನದ ಹೊತ್ತಿಗೆ ಮಂಕರಿ ತುಂಬ ನಳ್ಳಿ, ಟವಲಿನಲ್ಲಿ ಸೋಸಿದ ಬೊಗಸೆ ಸಣ್ಣ ಮೀನು.

ಸಂಜೆ ಅಪ್ಪ ಬಂದರು. ಹಣೆ ತುಂಬ ವಿಭೂತಿ. ಅದನ್ನು ಕಂಡದ್ದೇ ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಸೋಮವಾರ! ಎರಡೂ ಮನೆಯಲ್ಲಿ ಅವತ್ತು ಬಾಡು ಬೇಯಿಸುವಂತಿಲ್ಲ, ಉಣ್ಣುವಂತಿಲ್ಲ. ಒಕ್ಕಣೆಯ ಗಡಿಬಿಡಿಯಲ್ಲಿ ಮನೆಮಂದಿಯೆಲ್ಲ ವಾರವನ್ನೇ ಮರೆತಿದ್ದೆವು. ಸೋಮವಾರದ ನೇಮವಿಲ್ಲದ ಪಕ್ಕದ ಮನೆಗೆ ಮೀನು ಹೋಯಿತು. ಜೀವವಿದ್ದ ನಳ್ಳಿಗಳನ್ನು ನಾಳೆಗೆಂದು ಕೊಳಗಕ್ಕೆ ಸುರಿದು ತಟ್ಟೆ ಮುಚ್ಚಿದೆವು. ಅಪ್ಪ ಸೊಪ್ಪಿನ ಸಾರು ಉಂಡು, ಅತ್ತೆಗೆ ಕೇಳುವಂತೆ ನನಗೆ ಹೇಳಿದರು: "ಬೆಳಗಿನ ಮೊದ್ಲ ಬಸ್ಸಿಗೆ ಒಂಟೋಯ್ತೀನಿ ಕಣವ್ವ."

ಹಾಗೆ ಹೋದರೆ ಮತ್ತೆ ಬರುವವರಲ್ಲ ಎಂದು ನನಗೆ ಗೊತ್ತಿತ್ತು. ಒರಳಿನಿಂದ ಗುಂಡುಕಲ್ಲು ಎತ್ತಿ ತಂದು, ಕೊಳಗದ ತಟ್ಟೆಯ ಮೇಲೆ ಹೇರಿ, ಅಳುತ್ತಲೇ ಮಲಗಿದೆ.

ಬೆಳಗಿನ ಜಾವ ಅಪ್ಪನ ಕೂಗಿಗೆ ಎದ್ದೆ. ನಡುಮನೆ ತುಂಬ ನಳ್ಳಿ. ಒಂದು ಅಪ್ಪನ ಚಪ್ಪಲಿಯಲ್ಲಿ, ಇನ್ನೊಂದು ಅವರ ಚೀಲದಲ್ಲಿ. ನಮ್ಮೂರಲ್ಲಿ ಹಾವು ಹೊಡೆಯುವುದಕ್ಕೆ ಎಲ್ಲರೂ ಕರೆಸುತ್ತಿದ್ದ ಅಪ್ಪ ಮಂಚದ ಮೇಲೆ ಪಂಚೆ ಎತ್ತಿಕೊಂಡು ನಿಂತಿದ್ದರು.

"ಕೆಳೀಕೆ ಇಳೀಬ್ಯಾಡಿ ಬೀಗ್ರೇ!"

"ಇಳಿಯೋನ್ ಯಾರವ್ವಾ! ಮೊದ್ಲು ಅವುನ್ನ ಇಡ್ಕಳಿ!"

ದೂರದಲ್ಲಿ ಮೊದಲ ಬಸ್ಸಿನ ಹಾರನ್ನು ಕೇಳಿಸಿತು, ಹೋಗಿಯೂ ಬಿಟ್ಟಿತು. ಅತ್ತೆ ಮಂಚದ ಕೆಳಗೆ ತೂರಿದ್ದರು. ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಬಂತು. "ಬೀಗ್ರೂಟದಲ್ಲಿ ನಾನಂದಿದ್ದು ತಪ್ಪಾಯ್ತು ಬೀಗ್ರೇ... ಎಡಗಾಲು ಸ್ವಲ್ಪ ಮೇಕೆತ್ತಿ."

ಅಪ್ಪ ನಕ್ಕರು. ಮಂಚ ಅಲುಗಾಡುವಷ್ಟು ನಕ್ಕರು. ಮಧ್ಯಾಹ್ನ ಮೂರು ಮುದ್ದೆ ಮುರಿದು, "ಇದ್ರಲ್ಲಿ ನಳ್ಳಿ ಕಾಲ್ ತೊಳ್ಕಂಡೋಗಿಲ್ಲ, ಸಂಸಾರ್ವೇ ಊಡ್ಯದೆ ಕಣ್ ಬೀಗಿತ್ತಿ" ಎಂದರು.

ಕಲ್ಲು ಹೇರುವುದನ್ನೇ ಮರೆತ ಸೊಸೆ ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನಾನೂ ಹೌದೇನೋ ಅಂದುಕೊಂಡೇ ಇಷ್ಟು ವರ್ಷ ಕಳೆದೆ. ಹೋದ ವಾರ ಕಲ್ಲು ಎತ್ತಲು ಬಗ್ಗಿದಾಗ ಆ ಬೆಳಗು ಕಣ್ಮುಂದೆ ಬಂತು. ಅವತ್ತು ಕಲ್ಲು ಒರಳಿನಲ್ಲಿ ಇರಲಿಲ್ಲ. ಉರುಳಿಯೂ ಬಿದ್ದಿರಲಿಲ್ಲ. ಕೊಳಗದ ಪಕ್ಕದಲ್ಲಿ, ಸಿಂಬೆಯ ಮೇಲೆ, ಅಚ್ಚುಕಟ್ಟಾಗಿ ಕೂತಿತ್ತು. ಗಾರೆ ನೆಲ ಬಿರುಕು ಬಿಟ್ಟೀತೆಂದು ಭಾರದ ಸಾಮಾನಿಗೆ ಸಿಂಬೆ ಹಾಕಿ ಇಡುತ್ತಿದ್ದವರು ಆ ಮನೆಯಲ್ಲಿ ಒಬ್ಬರೇ.

ಕೇಳೋಣವೆಂದರೆ ಅತ್ತೆ ಹೋಗಿ ನಾಲ್ಕು ಮಾಗಿ ಕಳೆದವು. ಅಪ್ಪನೂ ಇಲ್ಲ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು...

"ಈ ಕಲ್ ಎಲ್ಲಿಡ್ಲಕ್ಕಾ?" ಎಂದು ಟೈಲ್ಸ್ ಹಾಕುವವನು ಕೇಳಿದ.

"ತಡಿಯಪ್ಪ" ಎಂದೆ. "ಮೊದ್ಲು ಸಿಂಬೆ ಆಕ್ತೀನಿ."