ಲಾಗ್ ಪುಸ್ತಕದ ಸಹಿ

ಲಿಫ್ಟ್ ಕೆಟ್ಟರೆ ರಿಪೇರಿಯವರು ಮೆಟ್ಟಿಲು ಹತ್ತಿಯೇ ಹೋಗಬೇಕು. ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ. ಹನ್ನೊಂದು ವರ್ಷ ಹೀಗೆ ಹತ್ತಿಳಿದು ಸ್ಪ್ಯಾನರ್ ಅಕ್ಕನ ಮಂಡಿ ಸವೆದಿತ್ತು. ಕಟ್ಟಡಗಳ ವಾಚ್‌ಮನ್‌ಗಳು ಇಟ್ಟ ಆ ಹೆಸರಿಗೆ ಅವಳು ಬೇಸರಪಟ್ಟುಕೊಂಡವಳಲ್ಲ. ಬೇಸರಪಡಲು ಪುರುಸೊತ್ತಾದರೂ ಎಲ್ಲಿತ್ತು?

ಅವಳ ಹಾಗೆ ಡಿಪ್ಲೊಮಾ ಆದವರು ಸಂಜೆ ಕಾಲೇಜಿನಲ್ಲಿ ನೇರವಾಗಿ ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಸೇರಬಹುದಿತ್ತು. ಎಂಟು ವರ್ಷ ಯಂತ್ರದ ಕೆಲಸ ಮಾಡಿದ ಪುರಾವೆ ಬೇಕು, ವಯಸ್ಸು ನಲವತ್ತರೊಳಗಿರಬೇಕು. ಅವಳಿಗೆ ಬರುವ ತಿಂಗಳು ನಲವತ್ತು ತುಂಬುತ್ತಿತ್ತು. ಅರ್ಜಿಗೆ ಇವತ್ತೇ ಕೊನೆ ದಿನ. ಪದವಿ ಸಿಕ್ಕರೆ ಮೇಜಿನ ಮುಂದೆ ಕೂತು ನಕ್ಷೆ ನೋಡುವ ಕೆಲಸ ಸಿಗಬಹುದು. ಇಲ್ಲದಿದ್ದರೆ ಮಂಡಿ ಕೈಕೊಡುವ ತನಕ ಮೆಟ್ಟಿಲೇ ಗತಿ. ಈ ವಯಸ್ಸಲ್ಲಿ ಪುಸ್ತಕ ಹಿಡೀತೀಯಾ ಎಂದು ಗಂಡ ನಕ್ಕಿದ್ದ. ಆದರೂ ಬೆಳಿಗ್ಗೆ ತಾನೇ ಅಡುಗೆ ಮಾಡಿ ಅವಳನ್ನು ಬೇಗ ಕಳಿಸಿದ್ದ.

ಕಂಪನಿಯ ಕಡತದಲ್ಲಿ ಅವಳು ಬರೀ ಸಹಾಯಕಿ. ಅದು ಸಾಲದು, ಲೈಸೆನ್ಸ್ ಇರುವ ಮೆಕ್ಯಾನಿಕ್ ಬರೆದ ಪತ್ರ ಬೇಕು, ಜೊತೆಗೆ ಲಾಗ್ ಪುಸ್ತಕದ ನಕಲು ಬೇಕು ಎಂದಿತು ಕಾಲೇಜು. ಪ್ರತಿ ರಿಪೇರಿಯನ್ನೂ ಬರೆದು ಸಹಿ ಹಾಕುವ ಆ ಪುಸ್ತಕ ಇರುವುದು ಕಟ್ಟಡದ ನೆತ್ತಿಯ ಮೇಲಿನ ಯಂತ್ರದ ಕೋಣೆಯಲ್ಲಿ. ಮೂರು ದಿನ ಆರು ಕಟ್ಟಡ ಸುತ್ತಿ ಹಾಳೆಗಳ ನಕಲು ತಂದಳು. ಅವಳಿಗೆ ಕೆಲಸ ಕಲಿಸಿ ಹೋದ ವರ್ಷ ನಿವೃತ್ತನಾದ, ಲೈಸೆನ್ಸ್ ಇದ್ದ ಮೇಸ್ತ್ರಿ ಎರಡು ಮಾತಾಡದೆ ಪತ್ರ ಬರೆದುಕೊಟ್ಟ.

ಪ್ರವೇಶ ವಿಭಾಗದ ಮೇಡಂ ಪತ್ರವನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಸರಿಮಾಡಿಕೊಂಡರು.

"ಈ ಸಹಿ ಬೇರೆ, ಆ ಸಹಿ ಬೇರೆ. ಪತ್ರ ನಿಮ್ಮ ಮೇಸ್ತ್ರಿನೇ ಬರೆದಿದ್ದಾ?"

ಪತ್ರ ಮೇಸ್ತ್ರಿಯದೇ. ತಪ್ಪಿದ್ದದ್ದು ಲಾಗ್ ಪುಸ್ತಕದಲ್ಲಿ. ಲೈಸೆನ್ಸ್ ಇದ್ದವನೇ ಸಹಿ ಹಾಕಬೇಕೆಂಬುದು ನಿಯಮ. ಒಬ್ಬ ಮೇಸ್ತ್ರಿಯ ತಲೆಯ ಮೇಲೆ ಇಪ್ಪತ್ತು ಕಟ್ಟಡಗಳ ಲಿಫ್ಟ್ ಹೊರಿಸುವುದು ಕಂಪನಿಯ ಪದ್ಧತಿ. ಹಾಗಾಗಿ ಬ್ರೇಕ್ ಬಿಗಿ ಮಾಡುವುದನ್ನು ಕಲಿಸಿದ ವಾರವೇ ಮೇಸ್ತ್ರಿ ತನ್ನ ಸಹಿ ಹಾಕುವುದನ್ನೂ ಅವಳಿಗೆ ಕಲಿಸಿದ್ದ. ವರ್ಷಗಳು ಕಳೆದಂತೆ ಅವಳ ಕೈಯಲ್ಲಿ ಆ ಸಹಿಗೆ ಒಂದು ಬಾಲ ಬೆಳೆದಿತ್ತು. ಅವಳೂ ಗಮನಿಸಿರಲಿಲ್ಲ, ಮೇಸ್ತ್ರಿಯಂತೂ ಪುಸ್ತಕ ತೆರೆದೇ ಇರಲಿಲ್ಲ.

ಮೇಡಂ ಹತ್ತಿರ ಐದು ನಿಮಿಷ ಕೇಳಿಕೊಂಡು ಹೊರಗೆ ಬಂದಳು. ಬೆಂಚಿನ ಮೇಲೆ ಕೂತಾಗ ಕಣ್ಣಲ್ಲಿ ನೀರೇ ಬಂತು. ಸುಳ್ಳು ಹೇಳಲೂ ತ್ರಾಣವಿರಲಿಲ್ಲ. ನಿಜ ಹೇಳಿದರೆ ಕೆಲಸ ಕಲಿಸಿದವನ ಮಾನ ಹೋಗುತ್ತದೆ. ಮೇಸ್ತ್ರಿಗೇ ಫೋನ್ ಮಾಡಿ ಎಲ್ಲ ಹೇಳಿದಳು. ಮೇಸ್ತ್ರಿ ಸ್ವಲ್ಪ ಹೊತ್ತು ಕೆಮ್ಮಿದ.

"ಮನೇಲಿ ಕೂತವನ ಲೈಸೆನ್ಸ್ ಯಾರಮ್ಮ ಕಿತ್ಕೋತಾರೆ? ಇದ್ದದ್ದು ಇದ್ದ ಹಾಗೆ ಹೇಳ್ಬಿಡು. ಕೆಲಸ ನಿಂದು, ಹೆಸರು ನಂದು. ನಂಗೂ ಸಾಕಾಗಿದೆ."

ಅವಳು ಒಳಗೆ ಹೋಗಿ ಒಂದು ಬಿಳಿ ಹಾಳೆ ಕೇಳಿದಳು. ನಿಂತಲ್ಲೇ ಮೇಸ್ತ್ರಿಯ ಸಹಿಯನ್ನು ಬಾಲದ ಸಮೇತ ಮೂರು ಸಲ ಹಾಕಿ ಮುಂದಿಟ್ಟಳು. ಮೇಡಂ ಅದನ್ನು ನೋಡಿದರು, ಲಾಗ್ ಪುಸ್ತಕದ ನಕಲು ನೋಡಿದರು, ಒಂದೊಂದಾಗಿ ಎಲ್ಲ ಹಾಳೆ ತಿರುವಿದರು.

"ಅಂದ್ರೆ ಈ ಕೆಲಸ ಎಲ್ಲಾ..."

"ನಾನೇ ಮಾಡಿದ್ದು ಮೇಡಂ."

ಇದು ತಪ್ಪು ಎಂದು ಗೊತ್ತಲ್ಲವಾ ಎಂದು ಕೇಳಿದ್ದಕ್ಕೆ ಗೊತ್ತು ಎಂದಳು. ಮೇಡಂ ಪೆನ್ನಿನ ತುದಿಯಿಂದ ಮೇಜು ಕುಟ್ಟುತ್ತ ಕೂತರು.

"ಈಗ ಹೇಳಿದ್ದನ್ನೇ ಬರೆದು ಕೊಡಿ. ಸಮಿತಿ ಏನನ್ನುತ್ತೋ ನಂಗೊತ್ತಿಲ್ಲ. ಅರ್ಜಿ ಮಾತ್ರ ಇವತ್ತು ತಗೋತೀನಿ."

ಬರೆದುಕೊಟ್ಟಳು. ಕೊನೆಗೆ ಅರ್ಜಿಯ ಅಡಿಯಲ್ಲಿ ಅರ್ಜಿದಾರರ ಸಹಿ. ದಣಿದ ಕೈ ತನ್ನ ಪಾಡಿಗೆ ತಾನು ಓಡಿ ಮೇಸ್ತ್ರಿಯ ಮೊದಲಕ್ಷರ ಬರೆದೇಬಿಟ್ಟಿತು. ನಾಲಿಗೆ ಕಚ್ಚಿಕೊಂಡು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಅಕ್ಷರ ಕಲಿಯುವ ಮಗುವಿನಂತೆ ನಿಧಾನವಾಗಿ ತನ್ನ ಹೆಸರು ಬರೆದಳು.

ಮೇಡಂ ಅರ್ಜಿಯನ್ನು ಅವಳ ಕಡೆಗೇ ತಿರುಗಿಸಿದರು. ಹೊಡೆದುಹಾಕಿದ ಕಡೆ ಇನ್ನೊಂದು ಸಹಿ ಬೇಕು ಎಂದರು. ಕೆಲಸದ ಹಾಳೆಯ ಮೇಲೆ ಹನ್ನೊಂದು ವರ್ಷ ಯಾರೂ ಕೇಳದಿದ್ದ ಅವಳ ಸಹಿಯನ್ನು ಐದು ನಿಮಿಷದಲ್ಲಿ ಎರಡು ಸಲ ಕೇಳಿದ್ದರು. ಅವಳು ಕುರ್ಚಿ ಎಳೆದುಕೊಂಡು, ಕೂತು, ಮತ್ತೆ ಬರೆದಳು.